ಹುಬ್ಬಳ್ಳಿಯೋ ಧಾರವಾಡವೋ: ಮನೆ ಹಿಡಿಯುವ ಮೊದಲು ನೋಡಬೇಕಾದ್ದು

ಬೆಂಗಳೂರಿನ ಬಾಡಿಗೆಗೆ ಬೇಸತ್ತು ಊರ ಕಡೆ ಹೊರಟವರು, ನಿವೃತ್ತಿಯ ಹಣದಲ್ಲಿ ಸ್ವಂತದ್ದೊಂದು ಮನೆ ಮಾಡಿಕೊಳ್ಳಬೇಕೆಂದಿರುವವರು, ರೈಲ್ವೆಗೋ ಹೈಕೋರ್ಟ್ ಪೀಠಕ್ಕೋ ವರ್ಗವಾಗಿ ಬಂದವರು ಮೊದಲು ಕೇಳುವ ಪ್ರಶ್ನೆ ಒಂದೇ: ಹುಬ್ಬಳ್ಳಿ ಚಲೋನೋ, ಧಾರವಾಡ ಚಲೋನೋ? ಕೇಳಿಸಿಕೊಂಡವರ ಬಳಿ ಉತ್ತರ ಸಿದ್ಧವಾಗಿರುತ್ತದೆ. ಹುಬ್ಬಳ್ಳಿ ವ್ಯಾಪಾರದ ಊರು, ಸದಾ ಗದ್ದಲ. ಧಾರವಾಡ ಓದು, ಸಂಗೀತ, ಸಾಹಿತ್ಯದ ಊರು, ತಂಪು. ಈ ಮಾತು ಸುಳ್ಳಲ್ಲ. ಆದರೆ ಇದಿಷ್ಟನ್ನೇ ನಂಬಿ ಮನೆ ಹಿಡಿದರೆ ಆಮೇಲೆ ಪ್ರತಿದಿನ ತೊಂದರೆಪಡಬೇಕಾಗುತ್ತದೆ. ಎರಡು ಊರುಗಳ ನಡುವೆ ಇರುವುದು ಸುಮಾರು 20 ಕಿ.ಮೀ. ಅಂತರ. ನಾನು ಕಂಡಂತೆ, ಈ ಎರಡು ಊರುಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ಊರಿನ ಎರಡು ಬಡಾವಣೆಗಳ ನಡುವಿನ ವ್ಯತ್ಯಾಸ ದೊಡ್ಡದು. ಆದ್ದರಿಂದ ಊರಿನ ಹೆಸರನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಈ ಕೆಳಗಿನ ಕ್ರಮದಲ್ಲಿ ವಿಚಾರ ಮಾಡಿ.

ಬೆಳಗ್ಗೆ ಯಾರು ಎಲ್ಲಿಗೆ ಹೋಗಬೇಕು?

ಒಂದು ಹಾಳೆಯಲ್ಲಿ ಮನೆಯ ಎಲ್ಲರ ಹೆಸರು ಬರೆದು, ಪ್ರತಿಯೊಬ್ಬರೂ ದಿನಾ ಹೋಗುವ ಜಾಗ ಮತ್ತು ಹೊರಡುವ ಸಮಯ ಗುರುತು ಮಾಡಿ. ನೌಕರಿಗೆ ಹೋಗುವವರದಷ್ಟೇ ಅಲ್ಲ, ಶಾಲೆಗೆ ಹೋಗುವ ಮಕ್ಕಳದು, ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವ ಹಿರಿಯರದೂ ಇರಲಿ.

ಇಲ್ಲಿ ಜಾಗದ ಹೆಸರು ನಿಖರವಾಗಿರಬೇಕು. ‘ಹುಬ್ಬಳ್ಳಿಯಲ್ಲಿ ಕೆಲಸ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯಾದ ರೈಲ್ ಸೌಧ ಇರುವುದು ಗದಗ ರಸ್ತೆಯಲ್ಲಿ, ಅಂದರೆ ಧಾರವಾಡದಿಂದ ಬರುವವರು ಹುಬ್ಬಳ್ಳಿಯನ್ನು ಪೂರ್ತಿ ದಾಟಿ ಹೋಗಬೇಕಾದ ದಿಕ್ಕಿನಲ್ಲಿ. ಅಲ್ಲಿ ಕೆಲಸವಿದ್ದು ಧಾರವಾಡದ ಸಪ್ತಾಪುರದಲ್ಲಿ ಮನೆ ಮಾಡಿದರೆ ಮನೆಯಿಂದ ಬಸ್ ನಿಲ್ದಾಣ, ಅಲ್ಲಿಂದ ಹುಬ್ಬಳ್ಳಿ, ಮತ್ತೆ ಇನ್ನೊಂದು ಬಸ್ಸು ಅಥವಾ ಆಟೊ ಎಂದು ಒಂದು ಗಂಟೆಗೂ ಹೆಚ್ಚು ಹೊತ್ತು ದಾರಿಯಲ್ಲೇ ಕಳೆಯುತ್ತದೆ. ಅಲ್ಲಿ ಕೆಲಸ ಮಾಡುವವರಿಗೆ ಹುಬ್ಬಳ್ಳಿಯ ಕೇಶ್ವಾಪುರ ಹತ್ತಿರ. ಹೈಕೋರ್ಟ್ ಪೀಠದಲ್ಲಿ ಕೆಲಸ ಮಾಡುವವರ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದ ಈ ಪೀಠ ಇರುವುದು ಧಾರವಾಡ ದಾಟಿ ಬೆಳಗಾವಿ ಕಡೆಗೆ ಹೋಗುವ ಹೆದ್ದಾರಿಯ ಪಕ್ಕ. ಬೇಲೂರು ಕೈಗಾರಿಕಾ ಪ್ರದೇಶವೂ ಅದೇ ದಿಕ್ಕಿಗೆ. ಐಐಟಿ ಇರುವುದು ಧಾರವಾಡದ ಹೊರವಲಯದ ಚಿಕ್ಕಮಲ್ಲಿಗವಾಡದಲ್ಲಿ. ಈ ಜಾಗಗಳಲ್ಲಿ ಕೆಲಸ ಮಾಡುವವರು ಹುಬ್ಬಳ್ಳಿಯಲ್ಲಿ ಮನೆ ಮಾಡಿ ನಿತ್ಯ ಓಡಾಡುತ್ತೇವೆ ಎಂದರೆ ನಾನು ಬೇಡ ಎನ್ನುತ್ತೇನೆ. ಗೋಕುಲ ರಸ್ತೆ, ತಾರಿಹಾಳದ ಕಾರ್ಖಾನೆಗಳು, ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ, ವಿಮಾನ ನಿಲ್ದಾಣ, ಅಮರಗೋಳದ ಎಪಿಎಂಸಿ ಇವೆಲ್ಲ ಹುಬ್ಬಳ್ಳಿಯವು. ಜಿಲ್ಲಾಧಿಕಾರಿ ಕಚೇರಿ, ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ ಧಾರವಾಡದವು.

ಗಂಡ ಒಂದೂರಲ್ಲಿ, ಹೆಂಡತಿ ಇನ್ನೊಂದೂರಲ್ಲಿ ಕೆಲಸ ಮಾಡುವ ಮನೆಗಳು ಇಲ್ಲಿ ಬಹಳ. ಅಂಥ ಮನೆಗಳಲ್ಲಿ ಮಕ್ಕಳ ಶಾಲೆಯೇ ತೀರ್ಮಾನ ಮಾಡಲಿ. ದೊಡ್ಡವರು ಬಸ್ಸಿನಲ್ಲಿ ನಿಂತಾದರೂ ಹೋಗಬಲ್ಲರು. ಎಂಟು ವರ್ಷದ ಮಗುವನ್ನು ನಿತ್ಯ ಅಷ್ಟು ದೂರ ಓಡಾಡಿಸುವುದು ತಪ್ಪು.

ಚಿಗರಿ ಹತ್ತಿ ನೋಡಿ

ಎರಡೂ ಊರುಗಳನ್ನು ಹೊಲಿದಿಟ್ಟಿರುವುದು ಪಿ.ಬಿ. ರಸ್ತೆ. ಅದರ ನಡುಮಧ್ಯೆ ಬಿಆರ್‌ಟಿಎಸ್‌ಗೆಂದೇ ಬೇರೆ ಪಥವಿದೆ. 2018ರಲ್ಲಿ ಪ್ರಾಯೋಗಿಕವಾಗಿ ಓಡಲು ಶುರುವಾದ ಚಿಗರಿ ಬಸ್ಸುಗಳು ಆ ಪಥದಲ್ಲಿ ಸಾಗುತ್ತವೆ. ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಬಸ್ಸು ಬೇರೆ, ತಡೆರಹಿತ ಬಸ್ಸು ಬೇರೆ. ಚಿಗರಿ ಇರುವುದರಿಂದ ಈ ಎರಡು ಊರುಗಳಲ್ಲಿ ಕಾರಿಲ್ಲದವರೂ ನೆಮ್ಮದಿಯಿಂದ ಬದುಕಬಹುದು. ರಾಜ್ಯದ ಎಷ್ಟೋ ನಗರಗಳ ಬಗ್ಗೆ ಈ ಮಾತು ಹೇಳಲಾಗದು.

ಆದರೆ ಚಿಗರಿಯ ಅನುಕೂಲ ನಿಮ್ಮ ಮನೆ ಪಿ.ಬಿ. ರಸ್ತೆಗೆ ಎಷ್ಟು ಹತ್ತಿರವಿದೆ ಎಂಬುದರ ಮೇಲೆ ನಿಂತಿದೆ. ಭೈರಿದೇವರಕೊಪ್ಪ, ಉಣಕಲ್, ವಿದ್ಯಾನಗರ, ನವನಗರದಲ್ಲಿ ಇರುವವರಿಗೆ ಅದು ಕಾಲ್ನಡಿಗೆಯ ದೂರ. ನಿಲ್ದಾಣದಿಂದ ಎರಡು-ಮೂರು ಕಿ.ಮೀ. ಒಳಗೆ ಮನೆಯಿದ್ದರೆ ಬಸ್ಸಿನಲ್ಲಿ ಉಳಿಸಿದ ಸಮಯ ಆಟೊ ಹುಡುಕುವುದರಲ್ಲಿ ಹೋಗುತ್ತದೆ. ಆದ್ದರಿಂದ ಮನೆ ನೋಡಲು ಭಾನುವಾರ ಕಾರಿನಲ್ಲಿ ಹೋಗಬೇಡಿ. ಕೆಲಸದ ದಿನ ಬೆಳಗ್ಗೆ ಒಂಬತ್ತಕ್ಕೆ ಆ ಮನೆಯ ಬಾಗಿಲಿಂದ ಹೊರಟು ಬಸ್ಸಿನಲ್ಲೇ ಕಚೇರಿಯವರೆಗೆ ಹೋಗಿ, ಸಂಜೆ ಆರಕ್ಕೆ ಅದೇ ದಾರಿಯಲ್ಲಿ ವಾಪಸ್ ಬನ್ನಿ. ಹುಬ್ಬಳ್ಳಿಯ ಚನ್ನಮ್ಮ ವೃತ್ತ ದಾಟಬೇಕಾದವರು ಇದನ್ನು ತಪ್ಪಿಸಲೇಬಾರದು. ಮೇಲ್ಸೇತುವೆ ಕಾಮಗಾರಿ ಶುರುವಾದಂದಿನಿಂದ ಅಲ್ಲಿನ ಸಂಚಾರದ ದಾರಿ ಮತ್ತೆ ಮತ್ತೆ ಬದಲಾಗಿದೆ.

ನಳ ಎಷ್ಟು ದಿನಕ್ಕೊಮ್ಮೆ ಬರತದ್ರಿ?

ಇಲ್ಲಿ ಮನೆ ಹುಡುಕುವವರು ಬಾಡಿಗೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಹಳಬರು ಹಾಗೆಯೇ ಕೇಳುತ್ತಾರೆ.

ಎರಡೂ ಊರುಗಳು ಮುಖ್ಯವಾಗಿ ನೆಚ್ಚಿಕೊಂಡಿರುವುದು ಮಲಪ್ರಭೆಯ ನೀರನ್ನು. ಸವದತ್ತಿ ಬಳಿಯ ನವಿಲುತೀರ್ಥದ ಜಲಾಶಯದಿಂದ ಅದು ಬರುತ್ತದೆ. ಹುಬ್ಬಳ್ಳಿಗೆ ಕಲಘಟಗಿ ಕಡೆಯ ನೀರಸಾಗರದ ನೀರೂ ಇದೆ, ಮಳೆ ಕೈಕೊಟ್ಟ ವರ್ಷ ಅದನ್ನು ನಂಬುವಂತಿಲ್ಲ. ಮುಖ್ಯ ಮೂಲ ಒಂದೇ ಆದರೂ ಹಂಚಿಕೆ ಎಲ್ಲ ಕಡೆ ಒಂದೇ ಸಮ ಇಲ್ಲ. 2008ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಹುಬ್ಬಳ್ಳಿ, ಧಾರವಾಡ ಎರಡರಲ್ಲೂ ಆಯ್ದ ಕೆಲವು ಬಡಾವಣೆಗಳಿಗೆ ದಿನದ 24 ಗಂಟೆ ನೀರು ಬಂತು. ಆಗ ಇಡೀ ದೇಶವೇ ಇತ್ತ ತಿರುಗಿ ನೋಡಿತ್ತು. ಆಮೇಲೆ ಅದನ್ನು ಎಲ್ಲ ವಾರ್ಡ್‌ಗಳಿಗೆ ವಿಸ್ತರಿಸುವ ಕೆಲಸ ಎಳೆಯುತ್ತಾ ಬಂದಿದೆ. ಹೀಗಾಗಿ ಒಂದು ಓಣಿಯಲ್ಲಿ ನಲ್ಲಿ ತಿರುಗಿಸಿದಾಗಲೆಲ್ಲ ನೀರು, ಮುಖ್ಯರಸ್ತೆಯ ಆಚೆಯ ಓಣಿಯಲ್ಲಿ ನಾಲ್ಕಾರು ದಿನಕ್ಕೊಮ್ಮೆ ಎನ್ನುವ ಸ್ಥಿತಿ ಈ ಊರುಗಳವರಿಗೆ ಹೊಸದಲ್ಲ. ಪೈಪ್ ಒಡೆದರೆ, ಪಂಪ್‌ಹೌಸ್‌ಗೆ ಕರೆಂಟ್ ಹೋದರೆ ಆ ನಾಲ್ಕು ದಿನ ಎಂಟಾಗುತ್ತದೆ.

ಮನೆಮಾಲೀಕರನ್ನಷ್ಟೇ ಕೇಳಿ ನಂಬಬೇಡಿ. ಅವರು ‘ನೀರಿಗೇನೂ ತೊಂದರಿ ಇಲ್ರಿ’ ಎನ್ನುತ್ತಾರೆ. ಪಕ್ಕದ ಮನೆಯ ಹೆಣ್ಣುಮಕ್ಕಳನ್ನು ಕೇಳಿ. ಕಳೆದ ಸಲ ನಳ ಬಂದದ್ದು ಯಾವ ವಾರ, ಹಗಲೋ ರಾತ್ರಿಯೋ, ಎಷ್ಟು ತಾಸು ಇತ್ತು, ಏಪ್ರಿಲ್-ಮೇನಲ್ಲಿ ಹೇಗಿತ್ತು ಎಂಬುದನ್ನು ಅವರು ನೆನಪಿನಿಂದಲೇ ಹೇಳುತ್ತಾರೆ. ಬಳಿಕ ಮನೆಯ ಸಂಪ್‌ನ ಮುಚ್ಚಳ ತೆಗೆಸಿ ನೋಡಿ. ಉದ್ದ, ಅಗಲ, ಆಳವನ್ನು ಮೀಟರಿನಲ್ಲಿ ಅಳೆದು ಗುಣಿಸಿ, ಬಂದದ್ದನ್ನು ಸಾವಿರದಿಂದ ಗುಣಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. ನಾಲ್ಕು ಜನರ ಮನೆಗೆ ದಿನಕ್ಕೆ 500 ಲೀಟರ್ ಹಿಡಿದರೂ ವಾರಕ್ಕೆ 3,500 ಲೀಟರ್ ಬೇಕು. ಸಂಪ್ ಅಷ್ಟು ಹಿಡಿಯದಿದ್ದರೆ, ಅಥವಾ ಮೇಲಿನ ಮನೆಯವರ ಜತೆ ಹಂಚಿಕೊಳ್ಳಬೇಕಿದ್ದರೆ, ಬೇಸಿಗೆಯ ಟ್ಯಾಂಕರ್ ಖರ್ಚನ್ನೂ ಬಾಡಿಗೆಗೆ ಕೂಡಿಸಿ ನೋಡಿ. ಎಷ್ಟೋ ಸಲ ಹೆಚ್ಚು ಬಾಡಿಗೆಯ ಮನೆಯೇ ಅಗ್ಗ ಬೀಳುತ್ತದೆ.

ಮಣ್ಣು, ಮಳೆ, ಗೋಡೆ

ಧಾರವಾಡ ಹುಬ್ಬಳ್ಳಿಗಿಂತ ತುಸು ಎತ್ತರದಲ್ಲಿದೆ, ಮಲೆನಾಡಿನ ಸೆರಗಿಗೆ ಹತ್ತಿರ. ಮಳೆಯೂ ಹೆಚ್ಚು, ಬೇಸಿಗೆಯ ಸಂಜೆಗಳೂ ಸಹ್ಯ. ಹುಬ್ಬಳ್ಳಿಯಿಂದ ಪೂರ್ವಕ್ಕೆ ಸರಿದಂತೆ ಎರೆ ಭೂಮಿ, ಬಯಲು, ಬಿಸಿಲು. ತಂಪಿಗೆ ಆಸೆಪಟ್ಟು ಧಾರವಾಡಕ್ಕೆ ಬರುವವರು ಜುಲೈ ತಿಂಗಳ ಜಿಟಿಜಿಟಿ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದಿನಗಟ್ಟಲೆ ಸೂರ್ಯ ಕಾಣುವುದಿಲ್ಲ, ಬಟ್ಟೆ ಒಣಗುವುದಿಲ್ಲ. ಮಳೆ ಹೊಡೆಯುವುದು ಪಶ್ಚಿಮದಿಂದ. ಆದ್ದರಿಂದ ಪಶ್ಚಿಮದ ಗೋಡೆಯನ್ನು ಒಳಗಡೆಯಿಂದ ಅಂಗೈಯಿಟ್ಟು ಮುಟ್ಟಿ ನೋಡಿ. ಬಣ್ಣ ಹೊಸದಾಗಿದ್ದರೂ ಕೆಳಗಿನ ಎರಡು ಅಡಿಯಲ್ಲಿ ಪುಡಿ ಉದುರುತ್ತಿದ್ದರೆ ಆ ಗೋಡೆ ಪ್ರತಿ ಮಳೆಗಾಲದಲ್ಲೂ ನೀರು ಕುಡಿಯುತ್ತಿದೆ ಎಂದರ್ಥ. ಅಸ್ತಮಾ, ಕೀಲುನೋವು ಇರುವವರಿಗೆ ಅಂಥ ಕೋಣೆ ಆಗದು.

ಎರೆ ಮಣ್ಣಿನ ತೊಂದರೆ ಬೇರೆ ಥರದ್ದು. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಮಣ್ಣು ಅದು. ಅಡಿಪಾಯ ಸರಿಯಿಲ್ಲದ ಮನೆಯನ್ನು ನಿಧಾನಕ್ಕೆ ಅಲುಗಿಸುತ್ತಾ ಇರುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೇರುವ ಬಿರುಕು, ಚೌಕಟ್ಟಿಗೆ ಉಜ್ಜುವ ಬಾಗಿಲು, ಕಾಂಪೌಂಡ್ ಗೋಡೆ ಮನೆಯಿಂದ ಬಿಟ್ಟುಕೊಂಡಿರುವುದು ಇವೆಲ್ಲ ಅದರ ಗುರುತು. ಕೊಳ್ಳುವವರಾದರೆ ಸ್ಥಳೀಯ ಎಂಜಿನಿಯರ್ ಒಬ್ಬರನ್ನು ಹಣ ಕೊಟ್ಟು ಕರೆದೊಯ್ಯಿರಿ. ಇದು ದುಂದುವೆಚ್ಚ ಅನ್ನಿಸಿದರೆ, 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಜನ ಪ್ರಾಣ ಕಳೆದುಕೊಂಡದ್ದನ್ನು ನೆನಪು ಮಾಡಿಕೊಳ್ಳಿ. ಮಂಜೂರಾದ ನಕ್ಷೆಯಲ್ಲಿ ಎಷ್ಟು ಮಹಡಿ ಇದೆ, ಎದುರಿಗೆ ನಿಂತಿರುವುದು ಎಷ್ಟು ಎಂದು ಎಣಿಸುವುದಕ್ಕೆ ಎಂಜಿನಿಯರ್ ಕೂಡ ಬೇಕಿಲ್ಲ.

ಹುಬ್ಬಳ್ಳಿಯಲ್ಲಿ ಇನ್ನೊಂದು ಎಚ್ಚರ ಬೇಕು. ಉಣಕಲ್ ಕೆರೆ ಕೋಡಿ ಬಿದ್ದರೆ ಆ ನೀರು ಊರ ನಡುವಿನ ನಾಲಾದಲ್ಲೇ ಹರಿಯಬೇಕು. 2019ರ ಆಗಸ್ಟ್‌ನ ಮಳೆ ಕಂಡವರಿಗೆ ನಾಲಾ ಪಕ್ಕದ ಮನೆಗಳ ಪಾಡು ಗೊತ್ತು. ಗೋಡೆಯ ಮೇಲೆ ಹಳೆಯ ನೀರಿನ ಗೆರೆ ಇದೆಯೇ ನೋಡಿ, ಓಣಿಯ ಕಿರಾಣಿ ಅಂಗಡಿಯವರನ್ನು ಕೇಳಿ.

ಉತಾರ ಓದದೆ ಮುಂಗಡ ಕೊಡಬೇಡಿ

ಬಾಡಿಗೆಯವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಕೊಳ್ಳುವವರು ಇಲ್ಲಿ ನಿಧಾನ ಮಾಡಿ.

ಹಳೆಯ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಊರುಗಳಾದ್ದರಿಂದ ಇಲ್ಲಿ ಸಿಟಿ ಸರ್ವೆಯ ಪದ್ಧತಿ ಗಟ್ಟಿಯಾಗಿದೆ. ಹಳೆಯ ಬಡಾವಣೆಗಳ ಆಸ್ತಿಗೆ ಸಿಟಿಎಸ್ ನಂಬರ್ ಇರುತ್ತದೆ, ಅದರ ಉತಾರದಲ್ಲಿ ಅಳತೆ ಮತ್ತು ಮಾಲೀಕರ ಹೆಸರು ಇರುತ್ತವೆ. ಮೈಸೂರು, ಬೆಂಗಳೂರು ಕಡೆಯಿಂದ ಬಂದವರಿಗೆ ಈ ಕಾಗದ ಹೊಸದು. ಅವರು ಬರೀ ಖಾತೆ ನೋಡಿ ಸುಮ್ಮನಾಗುತ್ತಾರೆ. ಉತಾರದ ಅಳತೆಯನ್ನೂ ನೆಲದ ಮೇಲಿನ ಅಳತೆಯನ್ನೂ ಟೇಪ್ ಹಿಡಿದು ತಾಳೆ ನೋಡಿ. ಹೊಸ ಬಡಾವಣೆಯಾದರೆ ಕೃಷಿಯೇತರ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ‘ಹುಡಾ’ ಅನುಮೋದಿಸಿದ ಲೇಔಟ್ ನಕ್ಷೆ, ರೇರಾ ನೋಂದಣಿ, ಪಾಲಿಕೆಯ ಇ-ಖಾತಾ ಕೇಳಿ. ಕಾವೇರಿ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರವನ್ನು ನೀವೇ ತೆಗೆಸಿ, ಮಾರುವವರು ಕೊಟ್ಟ ಪ್ರತಿಯನ್ನು ನೆಚ್ಚಬೇಡಿ. ಹೊಲವನ್ನೇ ತುಂಡು ಮಾಡಿ ಮಾರುವ ‘ಗುಂಟೆ ಪ್ಲಾಟ್’ ಎಷ್ಟೇ ಅಗ್ಗವಾಗಿದ್ದರೂ ಬೇಡ. ಅದಕ್ಕೆ ಬ್ಯಾಂಕ್ ಸಾಲ ಸಿಗುವುದಿಲ್ಲ, ಮನೆ ಕಟ್ಟಲು ಪರವಾನಗಿಯೂ ಸಿಗುವುದಿಲ್ಲ.

ಈಗ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. 1962ರಿಂದ ಎರಡೂ ಊರುಗಳಿಗೆ ಒಂದೇ ಮಹಾನಗರ ಪಾಲಿಕೆ ಇತ್ತು. ಧಾರವಾಡದವರು ಬಹುಕಾಲ ಹೋರಾಡಿದ ಮೇಲೆ, 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ಒಪ್ಪಿಗೆ ಕೊಟ್ಟಿತು. ಆದ್ದರಿಂದ ವಾರ್ಡ್ ನಂಬರ್ ಕೇಳಿ, ಆ ವಾರ್ಡ್ ಯಾವ ಪಾಲಿಕೆಯ ಪಾಲಿಗೆ ಬರುತ್ತದೆ, ತೆರಿಗೆ ಮತ್ತು ಖಾತೆಯ ಕೆಲಸಕ್ಕೆ ಯಾವ ಕಚೇರಿಗೆ ಹೋಗಬೇಕು ಎಂದು ಪಾಲಿಕೆಯಲ್ಲೇ ವಿಚಾರಿಸಿ. ಎರಡರ ಗಡಿಯಲ್ಲಿ ಕೊಳ್ಳುವವರಿಗೆ ಇದು ತೀರಾ ಮುಖ್ಯ.

ನಡುವೆ ಇರೋಣ ಎನ್ನುವವರಿಗೆ

ಎರಡೂ ಬೇಕು ಎನ್ನುವವರು ನವನಗರ, ರಾಯಾಪುರ, ಸತ್ತೂರಿನ ಕಡೆ ನೋಡುತ್ತಾರೆ. ನವನಗರದ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿದೆ. ಅಗಲ ರಸ್ತೆಗಳು, ಗಿಡಮರ, ಪೊಲೀಸ್ ಆಯುಕ್ತರ ಕಚೇರಿ, ಕಾನೂನು ವಿಶ್ವವಿದ್ಯಾಲಯ, ಕ್ಯಾನ್ಸರ್ ಆಸ್ಪತ್ರೆ ಎಲ್ಲವೂ ಅಲ್ಲಿಯೇ ಇವೆ. ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಹೊಸದಾಗಿ ಎದ್ದ ಬಡಾವಣೆಗಳ ಮಾತು ಬೇರೆ. ರಾತ್ರಿ ಎಂಟಕ್ಕೆ ಅಲ್ಲಿಗೆ ಹೋಗಿ. ಬೀದಿದೀಪ ಉರಿಯುತ್ತಿದೆಯೇ, ಔಷಧ ಅಂಗಡಿ ಎಷ್ಟು ದೂರ, ಎಷ್ಟು ಮನೆಗಳಲ್ಲಿ ಬೆಳಕಿದೆ ನೋಡಿ. ಒಳಚರಂಡಿ ಪಾಲಿಕೆಯ ಜಾಲಕ್ಕೆ ಸೇರಿದೆಯೋ, ಖಾಲಿ ಸೈಟಿಗೆ ಹರಿಯುತ್ತಿದೆಯೋ ಎಂಬುದು ಹಗಲಲ್ಲಿ ಒಂದು ಸುತ್ತು ನಡೆದರೆ ತಿಳಿಯುತ್ತದೆ.

ಆಸ್ಪತ್ರೆ, ರೈಲು, ಸಂಜೆಗಳು

ಹೃದಯದ ತೊಂದರೆ, ಡಯಾಲಿಸಿಸ್ ಇರುವ ಮನೆಯವರು ಹುಬ್ಬಳ್ಳಿಯ ವಿದ್ಯಾನಗರದ ಸುತ್ತಮುತ್ತ ಇರುವುದೇ ಮೇಲು. ಇಲ್ಲಿನವರ ಬಾಯಲ್ಲಿ ಇಂದಿಗೂ ‘ಕಿಮ್ಸ್’ ಆಗಿಯೇ ಉಳಿದಿರುವ ದೊಡ್ಡ ಸರ್ಕಾರಿ ಆಸ್ಪತ್ರೆ ಅಲ್ಲಿದೆ. ಮಾನಸಿಕ ಆರೋಗ್ಯದ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ. ರೈಲಿನ ವಿಷಯದಲ್ಲಿ ಹುಬ್ಬಳ್ಳಿ ಮುಂದು, ಮೂರು ದಿಕ್ಕಿನ ಹಳಿಗಳು ಕೂಡುವ ಜಂಕ್ಷನ್ ಅದು. ಆದರೆ ಅಲ್ಲಿನ ಒಂದು ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದೆ. ನಡೆಯಲು ಕಷ್ಟಪಡುವ ಹಿರಿಯರಿಗೆ, ಬೆಂಗಳೂರಿನ ರೈಲು ಸಿಗುವುದಾದರೆ, ಧಾರವಾಡದ ಚಿಕ್ಕ ನಿಲ್ದಾಣವೇ ಸುಲಭ.

ಸಪ್ತಾಪುರ, ಶ್ರೀನಗರ ವೃತ್ತದ ಸುತ್ತ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ-ಹುಡುಗಿಯರ ದೊಡ್ಡ ಜಗತ್ತೇ ಇದೆ. ಅವರಿಗೆ ಖೋಲಿ ಕೊಡುವುದೇ ಲಾಭವಾದ್ದರಿಂದ ಕುಟುಂಬಗಳಿಗೆ ಅಲ್ಲಿ ಮನೆ ಸಿಗುವುದು ಕಷ್ಟ. ಪರೀಕ್ಷೆಗೆ ಓದುವವರಿಗೆ ಮಾತ್ರ ಅದಕ್ಕಿಂತ ಒಳ್ಳೆಯ ಜಾಗ ಉತ್ತರ ಕರ್ನಾಟಕದಲ್ಲಿಲ್ಲ. ಸಂಜೆ ಒಂದು ಉಪನ್ಯಾಸ, ಒಂದು ನಾಟಕ ಬೇಕೇಬೇಕು ಎನ್ನುವವರಿಗೆ 1890ರಲ್ಲಿ ಶುರುವಾದ ವಿದ್ಯಾವರ್ಧಕ ಸಂಘ, ಸೃಜನಾ ರಂಗಮಂದಿರ ಇರುವ ಧಾರವಾಡವೇ ಸರಿ. ವಿಶ್ವವಿದ್ಯಾಲಯದ ಆವರಣ, ಕೆಲಗೇರಿ ಕೆರೆಯ ದಂಡೆ ನಡಿಗೆಗೆ ಹೇಳಿ ಮಾಡಿಸಿದವು. ಹಾಗೆಂದು ಹುಬ್ಬಳ್ಳಿಯನ್ನು ಬರೀ ಪೇಟೆ ಎಂದು ತಳ್ಳಿಹಾಕುವುದು ಅನ್ಯಾಯ. ಗಾಯಕಿ ಗಂಗೂಬಾಯಿ ಹಾನಗಲ್ ಬದುಕಿದ್ದು ಅಲ್ಲಿನ ದೇಶಪಾಂಡೆ ನಗರದಲ್ಲಿ, ತೋಳನಕೆರೆಯ ದಂಡೆಯಲ್ಲಿ ಬೆಳಗಿನ ನಡಿಗೆಗೂ ಜಾಗವಿದೆ.

ಮೊದಲು ಬಾಡಿಗೆ, ಅದೂ ಏಪ್ರಿಲ್‌ನಿಂದ

ಕೊಳ್ಳುವ ಉದ್ದೇಶವಿದ್ದರೂ ಮೊದಲ ಹನ್ನೊಂದು ತಿಂಗಳು ಬಾಡಿಗೆಗೆ ಇರಿ, ನೀವು ಕೊಳ್ಳಬೇಕೆಂದಿರುವ ಬಡಾವಣೆಯಲ್ಲೇ ಇರಿ. ಕರಾರನ್ನು ಏಪ್ರಿಲ್‌ನಲ್ಲಿ ಶುರು ಮಾಡಿ. ಬೇಸಿಗೆಯ ನೀರಿನ ಸರದಿ, ಜೂನ್‌ನಲ್ಲಿ ಶಾಲೆಯ ದಾರಿ, ಜುಲೈನ ಗೋಡೆ, ಆಗಸ್ಟ್‌ನ ನಾಲಾ ಎಲ್ಲವನ್ನೂ ದಸರೆಯೊಳಗೆ ಕಣ್ಣಾರೆ ನೋಡಿರುತ್ತೀರಿ. ದಸರೆ-ದೀಪಾವಳಿಗೆ ಬಿಲ್ಡರ್‌ಗಳು ಮುಂಗಡಕ್ಕೆ ಒತ್ತಾಯಿಸುವ ಹೊತ್ತಿಗೆ ಯಾವ ಓಣಿ ಬೇಕು, ಯಾವುದು ಬೇಡ ಎಂದು ಹೇಳಲು ನಿಮ್ಮ ಕೈಯಲ್ಲಿ ಆರು ತಿಂಗಳ ನೀರಿನ ಲೆಕ್ಕ ಮತ್ತು ಬಸ್ಸಿನ ಲೆಕ್ಕ ಇರುತ್ತದೆ.