ದೂರಪ್ರಯಾಣದ ರೈಲಿನಲ್ಲಿ ಶ್ರಾವಕನ ಆಹಾರವಿಧಿ

ವ್ರತವನ್ನು ಮನೆಯಲ್ಲಿ ಪಾಲಿಸುವುದು ಒಂದು ಬಗೆ, ಮನೆ ಬಿಟ್ಟು ಹೊರಟಾಗ ಪಾಲಿಸುವುದು ಇನ್ನೊಂದು ಬಗೆ. ಮನೆಯಲ್ಲಿ ಸೋಸಿದ ನೀರಿನ ಕೊಡವಿದೆ, ಶುದ್ಧವಾದ ಒಲೆಯಿದೆ, ಹೊತ್ತು ಮುಳುಗುವ ಮುನ್ನ ಊಟಕ್ಕೆ ಕರೆಯುವ ತಾಯಿಯಿದ್ದಾಳೆ. ರೈಲುಗಾಡಿಯಲ್ಲಿ ಈ ಮೂರೂ ಇಲ್ಲ. ಶ್ರೀ ಸಮ್ಮೇದಶಿಖರಜಿಯ ಯಾತ್ರೆಗೆಂದು ಕರ್ನಾಟಕದಿಂದ ಹೊರಡುವ ಕುಟುಂಬವು ಎರಡು ರಾತ್ರಿಗಳನ್ನಾದರೂ ಬಂಡಿಯಲ್ಲಿ ಕಳೆಯಬೇಕಾಗುತ್ತದೆ. ಇಪ್ಪತ್ತು ತೀರ್ಥಂಕರರು ಮುಕ್ತಿಗೈದಿದ ಆ ಗಿರಿಯ ವಂದನೆಗೆ ಹೋಗುವವರು ದಾರಿಯಲ್ಲಿಯೇ ವ್ರತಭಂಗ ಮಾಡಿಕೊಂಡು ಹೋದರೆ ಯಾತ್ರೆಯ ಫಲವೇನು? ಮುನಿಗಳು ಪಾದವಿಹಾರಿಗಳಾದುದರಿಂದ ಈ ಪ್ರಶ್ನೆ ಅವರದಲ್ಲ, ಕೇವಲ ಗೃಹಸ್ಥನದು.

ರೈಲುಗಳ ಆರಂಭದ ದಶಕಗಳಲ್ಲಿ ಬಂಡಿಗಳು ಗೊತ್ತಾದ ನಿಲ್ದಾಣಗಳಲ್ಲಿ ಊಟಕ್ಕಾಗಿ ನಿಲ್ಲುತ್ತಿದ್ದವು. ಅನಂತರ ಬಂಡಿಯೊಳಗೇ ಊಟದ ಡಬ್ಬಿ, ಪ್ಯಾಂಟ್ರಿ ಕಾರ್ ಎಂಬ ಅಡುಗೆಯ ಡಬ್ಬಿ ಬಂದವು. 1969ರಲ್ಲಿ ಹೌರಾ ಮತ್ತು ನವದೆಹಲಿಗಳ ನಡುವೆ ಮೊದಲ ರಾಜಧಾನಿ ಎಕ್ಸ್‌ಪ್ರೆಸ್ ಓಡತೊಡಗಿದಾಗ ಊಟದ ಬೆಲೆಯನ್ನು ಪ್ರಯಾಣದ ದರದಲ್ಲಿಯೇ ಸೇರಿಸಲಾಯಿತು. 1999ರಲ್ಲಿ ರೈಲ್ವೆಯ ಆಹಾರ ವ್ಯವಸ್ಥೆಗೆಂದೇ ಐ.ಆರ್.ಸಿ.ಟಿ.ಸಿ. ಎಂಬ ನಿಗಮ ಸ್ಥಾಪನೆಯಾಯಿತು. ಈಗಂತೂ ಮುಂದಿನ ನಿಲ್ದಾಣದ ಹೋಟೆಲಿನಿಂದ ಊಟವನ್ನು ಮೊಬೈಲಿನಲ್ಲಿಯೇ ಹೇಳಿ ತರಿಸಿಕೊಳ್ಳಬಹುದು. ಆ ಪಟ್ಟಿಯಲ್ಲಿ ‘ಜೈನ ಊಟ’ ಎಂಬ ಹೆಸರೂ ಕಾಣಸಿಗುತ್ತದೆ.

ಈ ಹೆಸರನ್ನು ಕಂಡೊಡನೆ ಅನೇಕರು ನಿಶ್ಚಿಂತರಾಗುತ್ತಾರೆ. ಆದರೆ ಅಲ್ಲಿ ‘ಜೈನ’ ಎಂದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಮೊದಲಾದ ಕಂದಮೂಲಗಳಿಲ್ಲದ್ದು ಎಂದಷ್ಟೇ ಅರ್ಥ. ಹಿಟ್ಟು ಯಾವ ದಿನ ಬೀಸಿದ್ದು, ಬೇಳೆ ಯಾವ ನೀರಿನಲ್ಲಿ ಬೆಂದಿತು, ಅದೇ ಒಲೆಯ ಮೇಲೆ ಮುಂಚೆ ಏನು ಬೆಂದಿತ್ತು ಎಂಬುದನ್ನು ಆ ಪೊಟ್ಟಣ ಹೇಳುವುದಿಲ್ಲ. ಕಂದಮೂಲ ಬಿಟ್ಟಿರುವ, ಬೇರೆ ನಿಯಮಗಳನ್ನು ಇನ್ನೂ ತೆಗೆದುಕೊಳ್ಳದ ಪಾಕ್ಷಿಕ ಶ್ರಾವಕನಿಗೆ ಅದು ಉಪಕಾರವೇ ಸರಿ, ಅವನನ್ನು ಹಳಿಯಬೇಕಾಗಿಲ್ಲ. ಶೋಧಿಸಿದ ಆಹಾರದ ನಿಯಮವುಳ್ಳವನಿಗೆ ಮಾತ್ರ ಅದು ಒದಗದು.

ಇನ್ನು ಕಾಲದ ವಿಚಾರ. ಬಂಡಿಗಳಲ್ಲಿ ರಾತ್ರಿಯ ಊಟವನ್ನು ಕತ್ತಲಾದ ಮೇಲೆಯೇ ಹಂಚುವುದು ವಾಡಿಕೆಯಾದುದರಿಂದ ಅದು ರಾತ್ರಿಭೋಜನತ್ಯಾಗಿಗೆ ವರ್ಜ್ಯವೆಂಬುದು ಸ್ಪಷ್ಟ. ಆದರೆ ಬುತ್ತಿ ಕಟ್ಟಿಕೊಂಡವರೂ ಎಡವುವ ಒಂದು ಸೂಕ್ಷ್ಮವಿದೆ. ಅವರು ಊರಿನ ಗಡಿಯಾರವನ್ನು ನಂಬಿ ಉಣ್ಣುತ್ತಾರೆ. ದೇಶಕ್ಕೆಲ್ಲ ಗಡಿಯಾರ ಒಂದೇ, ಸೂರ್ಯಾಸ್ತ ಒಂದೇ ಅಲ್ಲ. ಹುಬ್ಬಳ್ಳಿಯಲ್ಲಿ ಡಿಸೆಂಬರ್ ಮೊದಲ ವಾರದಲ್ಲಿ ಸೂರ್ಯ ಮುಳುಗುವುದು ಸುಮಾರು 6 ಗಂಟೆಗೆ; ಪಾರಸನಾಥ ನಿಲ್ದಾಣದ ಬಳಿ ಸುಮಾರು 5 ಗಂಟೆಗೇ. ಒಂದು ರೇಖಾಂಶ ಪೂರ್ವಕ್ಕೆ ಸರಿದರೆ 4 ನಿಮಿಷ ವ್ಯತ್ಯಾಸ. ಎರಡು ಊರುಗಳ ನಡುವೆ ಸುಮಾರು 11 ರೇಖಾಂಶಗಳಿವೆ. ಉತ್ತರಕ್ಕೆ ಹೋದಂತೆ ಚಳಿಗಾಲದ ಹಗಲೂ ಕಿರಿದಾಗುತ್ತದೆ. ಸಾಲದುದಕ್ಕೆ, ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ದಿನದ ಮೊದಲ ಮತ್ತು ಕೊನೆಯ ಮುಹೂರ್ತಗಳಲ್ಲಿ ಉಣ್ಣುವುದನ್ನೂ ಅತಿಚಾರವೆಂದೇ ಎಣಿಸಿದ್ದಾರೆ. ಮುಹೂರ್ತವೆಂದರೆ 48 ನಿಮಿಷ. ಹಾಗಾಗಿ ಹುಬ್ಬಳ್ಳಿಯಲ್ಲಿ 5 ಗಂಟೆ ದಾಟಿದ ಮೇಲೆ ಊಟ ಮುಗಿಸಿದರೂ ನಡೆಯುತ್ತಿದ್ದವನು ಯಾತ್ರೆಯ ಕೊನೆಯ ಭಾಗದಲ್ಲಿ 4 ಗಂಟೆಯ ಸುಮಾರಿಗೇ ಕೈ ತೊಳೆಯಬೇಕು. ಕಿಟಕಿಯಾಚೆ ಹೊಲದ ಮೇಲಿನ ನೆರಳನ್ನು ನೋಡುವ ಅಭ್ಯಾಸವಿದ್ದ ಹಿರಿಯರು ಇದನ್ನು ಲೆಕ್ಕ ಹಾಕದೆಯೇ ಅರಿಯುತ್ತಿದ್ದರು. ಹವಾನಿಯಂತ್ರಿತ ಡಬ್ಬಿಯ ಪರದೆ ಎಳೆದುಕೊಂಡು ಕುಳಿತವರಿಗೆ ಲೆಕ್ಕವೇ ಗತಿ.

ಆಹಾರಕ್ಕಿಂತಲೂ ಕಠಿಣವಾದದ್ದು ನೀರು. ಸೋಸಿದ ನೀರಿನ ಮರ್ಯಾದೆ ಒಂದು ಮುಹೂರ್ತ. ಲವಂಗ ಮೊದಲಾದುವುಗಳಿಂದ ಪ್ರಾಸುಕಗೊಳಿಸಿದ್ದಕ್ಕೆ 2 ಪ್ರಹರ, ಅಂದರೆ 6 ಗಂಟೆ. ಚೆನ್ನಾಗಿ ಕುದಿಸಿದ್ದಕ್ಕೆ 8 ಪ್ರಹರ, ಅಂದರೆ 24 ಗಂಟೆ. ಅವಧಿ ಮೀರಿದ ನೀರನ್ನು ಮತ್ತೆ ಕುದಿಸಿ ಬಳಸುವುದು ಸಂಪ್ರದಾಯವಲ್ಲ. ಬಂಡಿಯ ನಲ್ಲಿಯ ನೀರನ್ನು ಬಟ್ಟೆಯಲ್ಲಿ ಸೋಸಿಕೊಂಡರಾಯಿತಲ್ಲ ಎನ್ನುವವರುಂಟು. ಸೋಸುವುದರ ಉದ್ದೇಶ ಕುಡಿಯುವವನ ಆರೋಗ್ಯವಷ್ಟೇ ಅಲ್ಲ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಬಂದ ಜಲಾಶಯಕ್ಕೇ ಮರಳಿಸಿದಾಗ ಆ ಕ್ರಿಯೆ ಪೂರ್ಣವಾಗುತ್ತದೆ. ಓಡುವ ಬಂಡಿಯಲ್ಲಿ ಅವನ್ನು ಎಲ್ಲಿಗೆ ಮರಳಿಸುವುದು? ನಿಲ್ದಾಣದಲ್ಲಿ ಮಾರುವ ಮೊಹರಾದ ಬಾಟಲಿಯ ನೀರು ರೋಗಾಣುರಹಿತವಾಗಿರಬಹುದು, ಆದರೆ ವ್ರತಿಯ ದೃಷ್ಟಿಯಲ್ಲಿ ಅದರ ಅವಧಿ ಎಂದೋ ಮುಗಿದಿರುತ್ತದೆ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಆಜೀವ ಜಲಗಾಲನ ವ್ರತವುಳ್ಳ ಅರುವತ್ತು ದಾಟಿದ ಶ್ರಾವಿಕೆಯೊಬ್ಬಳು ಮಗ ಸೊಸೆಯರೊಡನೆ ಹೊರಟಿದ್ದಾಳೆಂದು ಭಾವಿಸಬೇಕು. ಬೆಳಿಗ್ಗೆ 7 ಗಂಟೆಗೆ ಕುದಿಸಿದ ನೀರನ್ನು ಸ್ಟೀಲಿನ ಪಾತ್ರೆಯಲ್ಲಿ ತುಂಬಿಕೊಂಡು 9 ಗಂಟೆಗೆ ಬಂಡಿ ಹತ್ತಿದರೆ ಮರುದಿನ 7 ಗಂಟೆಗೆ ಆ ನೀರು ಮುಗಿದಂತೆಯೇ, ಪಾತ್ರೆಯಲ್ಲಿ ಎಷ್ಟೇ ಉಳಿದಿರಲಿ. ತಲಪುವುದು ಮೂರನೆಯ ದಿನ ಬೆಳಿಗ್ಗೆ. ನಡುವೆ ಒಂದು ಇಡೀ ಹಗಲು ಬಾಯಿ ಒಣಗಿಸಿಕೊಂಡು ಕೂರಬೇಕು. ಅವಳಿಗೆ ರಕ್ತದೊತ್ತಡದ ಗುಳಿಗೆಯೂ ಉಂಟು. ಸಂಜೆಯ ಹೊತ್ತಿಗೆ ಮಗನು ಗಾಬರಿಯಿಂದ ಬಾಟಲಿಯನ್ನು ಮುಂದೆ ಹಿಡಿಯುತ್ತಾನೆ. ಅವಳು ಕುಡಿದರೆ ಮೂವತ್ತು ವರ್ಷದ ವ್ರತ ಹೋಯಿತು, ಕುಡಿಯದಿದ್ದರೆ ದೇಹ ಹೋಗಬಹುದು. ಇಂಥ ಇಕ್ಕಟ್ಟನ್ನು ತಾಯಿಗೆ ತಂದೊಡ್ಡಿದವರು ಟಿಕೆಟ್ ತೆಗೆಸುವಾಗ ನೀರಿನ ಗಂಟೆಗಳನ್ನು ಎಣಿಸದೆ ಹೋದವರು. ಅದನ್ನು ಉಪವಾಸವೆಂದು ಕರೆದು ಸಮಾಧಾನಪಡುವುದೂ ಸಲ್ಲದು. ಉಪವಾಸವು ಸಂಕಲ್ಪದಿಂದ ಬರುವಂಥದು; ನೀರು ಮುಗಿದುದರಿಂದ ಬಂದದ್ದು ಬರಿಯ ಬಾಯಾರಿಕೆ.

ಇಂಥವರ ಪ್ರಯಾಣವನ್ನು ಎರಡು ತುಂಡು ಮಾಡುವುದೇ ಯುಕ್ತ. ಇಪ್ಪತ್ತು ಗಂಟೆಯೊಳಗೆ ತಲಪಬಹುದಾದ, ಬಸದಿಯೂ ಧರ್ಮಶಾಲೆಯೂ ಇರುವ ಊರಿನಲ್ಲಿ ಇಳಿದು, ದರ್ಶನ ಮಾಡಿ, ಬಿಸಿಯಾಗಿ ಉಂಡು, ಹೊಸ ನೀರು ಕುದಿಸಿಕೊಂಡು ಮುಂದಿನ ಬಂಡಿ ಹತ್ತಬೇಕು. ಒಂದು ದಿನ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ಅದಾಗದಿದ್ದರೆ ದಾರಿಯ ಊರಿನ ಸಾಧರ್ಮಿ ಬಂಧುಗಳಿಗೆ ಮೊದಲೇ ತಿಳಿಸಿ ಕುದಿಸಿದ ನೀರನ್ನು ನಿಲ್ದಾಣಕ್ಕೆ ತರಿಸಿಕೊಳ್ಳಬಹುದು. ಆದರೆ ಬಂಡಿ ತಡವಾದರೆ ಅವರು ಗಂಟೆಗಟ್ಟಲೆ ಕಾಯುವಂತಾಗಬಾರದು; ಎಲ್ಲಿಯವರೆಗೆ ಬಂದಿದೆಯೆಂದು ಅವರಿಗೆ ಹೇಳುತ್ತಿರುವುದು ಯಾತ್ರಿಕರ ಹೊಣೆ.

ಬುತ್ತಿಯ ವಿಷಯ ಮನೆಯ ಹೆಂಗಸರಿಗೆ ಬರಹಗಳಿಗಿಂತ ಚೆನ್ನಾಗಿ ಗೊತ್ತು. ಅನ್ನ ಬೇಳೆಗೆ 2 ಪ್ರಹರ, ರೊಟ್ಟಿ ಚಪಾತಿಗೆ 4, ನೀರು ಹಾಕಿ ಕಲಸಿ ಕರಿದ ತಿನಿಸಿಗೆ 8. ನೀರು ಸೋಂಕದಂತೆ ತುಪ್ಪದಲ್ಲಿ ಹುರಿದು ಕಟ್ಟಿದ ಹಿಟ್ಟಿನ ಉಂಡೆಗೆ ಹಿಟ್ಟಿನಷ್ಟೇ ಮರ್ಯಾದೆ: ಚಳಿಗಾಲದಲ್ಲಿ 7 ದಿನ, ಬೇಸಗೆಯಲ್ಲಿ 5, ಮಳೆಗಾಲದಲ್ಲಿ 3. ಆದ್ದರಿಂದಲೇ ಮೊದಲ ಮಧ್ಯಾಹ್ನಕ್ಕೆ ಅನ್ನ, ಸಂಜೆಗೆ ಚಪಾತಿ, ಮರುದಿನಕ್ಕೆ ಉಂಡೆ ಮತ್ತು ಒಣಹಣ್ಣು ಎಂಬ ಕ್ರಮ ಬಂದಿತು. ಮೊಸರನ್ನದೊಡನೆ ಬೇಳೆಯ ಪದಾರ್ಥ ಕಟ್ಟಿ ದ್ವಿದಳದೋಷ ತಂದುಕೊಳ್ಳುವುದು ಅವಸರದಲ್ಲಿ ಆಗುವ ತಪ್ಪು.

ಬಂಡಿಯಲ್ಲಿಯೇ ಒಲೆ ಹೊತ್ತಿಸಿ ನೀರು ಕುದಿಸುವ ಯೋಚನೆಯನ್ನಂತೂ ಯಾರೂ ಮಾಡಬಾರದು. 2023ರ ಆಗಸ್ಟ್ 26ರಂದು ಮಧುರೈ ನಿಲ್ದಾಣದ ಬಳಿ ನಿಂತಿದ್ದ ಯಾತ್ರಿಕರ ಡಬ್ಬಿಯೊಂದರಲ್ಲಿ, ಗುಟ್ಟಾಗಿ ತಂದಿದ್ದ ಅನಿಲದ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಮಂದಿ ಮಡಿದರು. 1989ರ ರೈಲ್ವೆ ಕಾಯಿದೆಯು ಇಂಥ ವಸ್ತುಗಳನ್ನು ಒಯ್ಯುವುದನ್ನು ಅಪರಾಧವೆಂದಿದೆ. ಕಾಯಿದೆಯ ಮಾತು ಹಾಗಿರಲಿ. ಪ್ರಮಾದದಿಂದ ಪ್ರಾಣಹಾನಿ ಮಾಡುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರದಲ್ಲಿ ಓದಿದವರು ನೀರಿನ ಸೂಕ್ಷ್ಮಜೀವಗಳಿಗಾಗಿ ಎಪ್ಪತ್ತು ಮಂದಿ ಮಲಗಿರುವ ಡಬ್ಬಿಯಲ್ಲಿ ಬೆಂಕಿ ಹಚ್ಚಲಾರರು.

ಆಜೀವ ವ್ರತವಿಲ್ಲದವರು, ಮಕ್ಕಳು, ಗರ್ಭಿಣಿಯರು, ರೋಗಿಗಳು ಪ್ರಯಾಣಕ್ಕೆಂದೇ ಅಳತೆಯ ನಿಯಮ ತೆಗೆದುಕೊಳ್ಳಬಹುದು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಆಜೀವ ತ್ಯಾಗವನ್ನು ಯಮವೆಂದೂ ಬೇರ್ಪಡಿಸಿದ್ದಾರೆ. ನಿಯಮಕ್ಕೆ ಒಳಪಡುವ ವಸ್ತುಗಳನ್ನು ಹೇಳುವಲ್ಲಿ ಭೋಜನದ ಬೆನ್ನಿಗೇ ವಾಹನವನ್ನು ಹೇಳಿರುವುದು ಪ್ರಯಾಣಿಕರಿಗೆ ಗಮನಾರ್ಹ. ಔಷಧಕ್ಕೆ ಬೇಕಾದ ನೀರಿನ ವಿನಾಯಿತಿಯನ್ನು ಬಸದಿಯಲ್ಲಿ ನಿಯಮ ಸ್ವೀಕರಿಸುವಾಗಲೇ ಹೇಳಿಕೊಂಡರೆ ಮುಂದೆ ಸಂಶಯಕ್ಕೆ ಎಡೆಯಿಲ್ಲ. ಮಾರುವವನ ವಡೆಯ ಬುಟ್ಟಿ ಸುಳಿದಾಗಲೆಲ್ಲ ಮಗುವನ್ನು ಗದರಿಸುವುದಕ್ಕಿಂತ ಅದಕ್ಕೆ ಪ್ರಿಯವಾದ ಉಂಡೆಯೊಂದನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವುದು ಲೇಸು. ಎದುರಿನ ಆಸನದವರು ಏನನ್ನು ತಿಂದರೂ ಮೂಗು ಮುರಿಯದೆ ಇರುವುದೂ ನಿಯಮದಲ್ಲಿ ಸೇರಿರಲಿ.

ಹಿಂದಿರುಗುವಾಗ ಲೆಕ್ಕ ತಿರುಗುತ್ತದೆ. ಮಧುಬನದ ಧರ್ಮಶಾಲೆಯಲ್ಲಿ ಹೊರಡುವ ಹೊತ್ತಿಗೆ ನೀರು ಕುದಿಸಿಕೊಂಡರೂ ಅಲ್ಲಿಂದ ಪಾರಸನಾಥ ನಿಲ್ದಾಣಕ್ಕೆ ರಸ್ತೆಯ ಪ್ರಯಾಣವಿದೆ, ಬಂಡಿಗಾಗಿ ಕಾಯುವುದಿದೆ. ಆ ಗಂಟೆಗಳನ್ನೂ ಇಪ್ಪತ್ತನಾಲ್ಕರಲ್ಲಿಯೇ ಕಳೆಯಬೇಕು. ಸೂರ್ಯನು ಮಾತ್ರ ಪಶ್ಚಿಮಕ್ಕೆ ಬರುವವರಿಗೆ ಮರುದಿನ ಸಂಜೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತಾನೆ.