ಮಹಿಳಾ ಬಾಸ್ಕೆಟ್‌ಬಾಲ್: ಕಂಠೀರವದ ಎರಡು ಏಷ್ಯಾ ಕಪ್‌ಗಳು

ಫಿಬಾ ಮಹಿಳಾ ಏಷ್ಯಾ ಕಪ್‌ಗೆ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣ ಎರಡು ಬಾರಿ, 2017 ಮತ್ತು 2019ರಲ್ಲಿ, ಆತಿಥ್ಯ ವಹಿಸಿದೆ. ನಗರದ ಸಿಂಗಾಪುರ, ಯಲಹಂಕ ಬಡಾವಣೆಗಳ ಕಡೆಯಿಂದ ಮೆಜೆಸ್ಟಿಕ್ ಬಸ್ ಹತ್ತಿದವರೂ ಹೋಗಿ ನೋಡಬಹುದಾಗಿದ್ದ ಪಂದ್ಯಗಳಿವು.

ಭಾರತಕ್ಕೆ ಸಿಹಿಯಾದದ್ದು 2017. ಆಗ ನಾವು ‘ಬಿ’ ವಿಭಾಗದಲ್ಲಿದ್ದೆವು. ಜುಲೈ 29ರ ಫೈನಲ್‌ನಲ್ಲಿ ಕಜಕಸ್ತಾನವನ್ನು 75–73ರಿಂದ ಮಣಿಸಿ ‘ಎ’ ವಿಭಾಗಕ್ಕೆ ಬಡ್ತಿ ಪಡೆದೆವು. ಅಂತರ ಎರಡೇ ಅಂಕ, ಅಂದರೆ ಒಂದೇ ಒಂದು ಬುಟ್ಟಿ! 2019ರ ಸೆಪ್ಟೆಂಬರ್‌ನಲ್ಲಿ ಅದೇ ಅಂಗಳದಲ್ಲಿ ಭಾರತಕ್ಕೆ ‘ಎ’ ವಿಭಾಗದ ಬಲಾಢ್ಯರು ಎದುರಾದರು. ಆತಿಥೇಯರಿಗೆ ಎಂಟನೇ, ಅಂದರೆ ಕೊನೆಯ ಸ್ಥಾನ. ಚೀನಾವನ್ನು 71–68ರಿಂದ ಸೋಲಿಸಿದ ಜಪಾನ್‌ಗೆ ಸತತ ನಾಲ್ಕನೇ ಪ್ರಶಸ್ತಿ. ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಪ್ರಶ್ನೆ ಕೇಳುವವರಿಗೆ ಜಪಾನ್‌ನ ಈ ಸಾಧನೆ ಇಷ್ಟದ ಅಂಶ.

ಭಾರತ ತಂಡದ ಮಾಜಿ ನಾಯಕಿ ಅನಿತಾ ಪೌಲ್‌ದುರೈ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿದೆ. ಅವರು ತಮಿಳುನಾಡಿನವರು, ಬೆಂಗಳೂರಿನ ಪಂದ್ಯಗಳ ನೆನಪಿನಲ್ಲಿ ಕರ್ನಾಟಕ ಎಂದು ಗುರುತು ಹಾಕಬೇಡಿ.

ಅಭ್ಯರ್ಥಿಗಳು ಎಡವುವುದು ಚೆಂಡಿನ ಪ್ರಶ್ನೆಯಲ್ಲಿ. ಮಹಿಳೆಯರದು 6ನೇ ಅಳತೆ, ಪುರುಷರದು 7. ಬುಟ್ಟಿಯ ಎತ್ತರ ಮಾತ್ರ ಇಬ್ಬರಿಗೂ 3.05 ಮೀಟರ್. ಆಟ ತಲಾ 10 ನಿಮಿಷದ ನಾಲ್ಕು ಅವಧಿ. ಚೆಂಡು ಕೈಗೆ ಸಿಕ್ಕ ತಂಡ 24 ಸೆಕೆಂಡಿನೊಳಗೆ ಬುಟ್ಟಿಯತ್ತ ಎಸೆಯಲೇಬೇಕು.