ಪಟಾಕಿಗೆ ನಡುಗುವ ನಾಯಿಯನ್ನು ಗದರಿಸಬೇಡಿ

ಪ್ರಶ್ನೆ: ಬೀದಿಯಿಂದ ತಂದು ಸಾಕಿದ ನಮ್ಮ ನಾಯಿ ಪಟಾಕಿ ಸದ್ದಿಗೆ ಮಂಚದಡಿ ಸೇರಿ ನಡುಗುತ್ತದೆ. ಮುದ್ದಿಸಿದರೆ ಹೆದರಿಕೆ ಹೆಚ್ಚುತ್ತದೆ, ಗದರಿಸಿ ಹೊರಗೆಳೆಯಿರಿ ಎನ್ನುತ್ತಾರೆ. ನಿಜವೇ?

ಉತ್ತರ: ದಯವಿಟ್ಟು ಎಳೆಯಬೇಡಿ. ಮಂಚದಡಿ ಅದು ತಾನೇ ಹುಡುಕಿಕೊಂಡ ಆಸರೆ. ಅದನ್ನೂ ಕಸಿದರೆ ಸದ್ದಿನ ಜೊತೆಗೆ ನಿಮ್ಮ ಕೈಗೂ ಹೆದರಲು ಕಲಿಯುತ್ತದೆ. ಹೆದರಿ ಗುರ್ರೆಂದಾಗ ಹೊಡೆದರೆ ಗುರುಗುಡುವುದು ನಿಲ್ಲಬಹುದು, ಭಯ ಹೋಗದು. ಮುಂದೊಮ್ಮೆ ಎಚ್ಚರಿಕೆಯನ್ನೇ ಕೊಡದೆ ಕಚ್ಚೀತು. ಅದಾಗಿಯೇ ಮಡಿಲಿಗೆ ಬಂದರೆ ಧಾರಾಳವಾಗಿ ಅಪ್ಪಿಕೊಳ್ಳಿ. ಸಾಂತ್ವನದಿಂದ ಭಯ ಬೆಳೆಯುವುದಿಲ್ಲ.

ದೀಪಾವಳಿಗೆ ತಿಂಗಳುಗಳಿರುವಾಗಲೇ ಅಭ್ಯಾಸ ಶುರುಮಾಡಿ. ಮೊಬೈಲಿನಲ್ಲಿ ಪಟಾಕಿ ಸದ್ದನ್ನು ತೀರಾ ಸಣ್ಣದಾಗಿ, ಕಿವಿಯಷ್ಟೇ ನಿಮಿರುವಂತೆ, ಕೇಳಿಸಿ. ಕೂಡಲೇ ಬೇಯಿಸಿದ ಕೋಳಿಯ ಚೂರು ಕೊಡಿ. ಸದ್ದು ಮೊದಲು, ತಿನಿಸು ಆಮೇಲೆ. ಈ ಕ್ರಮ ತಪ್ಪಬಾರದು, ಏಕೆಂದರೆ ಸದ್ದೇ ತಿನಿಸಿನ ಮುನ್ಸೂಚನೆಯಾಗಬೇಕು. ತಿನಿಸು ಮುಟ್ಟದಿದ್ದರೆ ಧ್ವನಿ ಹೆಚ್ಚಾಗಿದೆ, ತಗ್ಗಿಸಿ. ಅವಸರ ಬೇಡ.

ಹಬ್ಬದ ದಿನ ಕತ್ತಲಾಗುವ ಮೊದಲೇ ತಿರುಗಾಡಿಸಿ ತನ್ನಿ, ಕಿಟಕಿ ಮುಚ್ಚಿ, ಫ್ಯಾನ್ ಹಾಕಿ. ಊಟ ಬಿಟ್ಟು, ಜೊಲ್ಲು ಸುರಿಸುತ್ತ ಗಂಟೆಗಟ್ಟಲೆ ನಡುಗುವಂತಿದ್ದರೆ ಪಶುವೈದ್ಯರನ್ನು ಮುಂಚೆಯೇ ಕಾಣಿ. ಭಯ ತಗ್ಗಿಸುವ ಔಷಧಗಳಿವೆ. ಮನುಷ್ಯರ ನಿದ್ರೆ ಮಾತ್ರೆಯನ್ನು ಮಾತ್ರ ನೀವಾಗಿಯೇ ಎಂದೂ ಕೊಡಬೇಡಿ.